ಸಹಾಯ ಬೇಕು: ಮನೆಗೂ ಗ್ಯಾಸ್ ಬಾವಿಗೂ ಇರುವ ದೂರವನ್ನು ಅಳೆಯೋದು ಹೇಗೆ?

ನಮ್ಮ ಮನೆ ಹಿಂದಿನ ಖಾಲಿ ಜಾಗದಲ್ಲಿ ಒಂದು ಕಂಪನಿ ಎಣ್ಣೆ, ಗ್ಯಾಸ್ ಬಾವಿ ಕೊರೆಯಲು ಅನುಮತಿ ಕೇಳಿದೆ. ಆಕ್ಷೇಪಣೆ ಬರೆಯಬೇಕು, ಇಂಥದ್ದು ಮಾಡಿದವರು ಯಾರಾದರೂ ಇದ್ದೀರಾ?

ಮುಖ್ಯವಾಗಿ ಗೊತ್ತಾಗಬೇಕಿರುವುದು, ದೂರವನ್ನು ಎಲ್ಲಿಂದ ಅಳೆಯುತ್ತಾರೆ ಅನ್ನೋದು. ಬಾವಿಯ ಬಾಯಿಂದಲಾ, ಇಲ್ಲಾ ಟ್ಯಾಂಕು, ಕಂಪ್ರೆಸರ್, ಗ್ಯಾಸ್ ಸುಡುವ ಕೊಳವೆ ಎಲ್ಲ ಸೇರಿದ ಜಾಗದ ಅಂಚಿನಿಂದಲಾ? ನಮ್ಮ ಕಡೆ ಮನೆ ಗೋಡೆವರೆಗಾ, ಕಾಂಪೌಂಡ್‌ವರೆಗಾ? ಇದರಲ್ಲೇ ನೂರಾರು ಅಡಿ ವ್ಯತ್ಯಾಸ ಬರಬಹುದು, ಕಂಪನಿಯವರು ತಮಗೆ ಅನುಕೂಲ ಆಗುವ ಹಾಗೇ ಅಳೆಯುತ್ತಾರೆ ಅಲ್ವಾ.

ಅಮೆರಿಕದ ಕೊಲೊರಾಡೊದಲ್ಲಿ 2021ರಿಂದ ಮನೆಗಳಿಂದ 2,000 ಅಡಿ ಅಂತರದ ನಿಯಮ ಇದೆ, ಆದರೆ ಆ ಮನೆಗಳಲ್ಲಿರುವವರು ಬರೆದು ಒಪ್ಪಿಗೆ ಕೊಟ್ಟರೆ ಇನ್ನೂ ಹತ್ತಿರ ಬರಬಹುದು. ಕ್ಯಾಲಿಫೋರ್ನಿಯಾದ 2022ರ ಕಾನೂನಿನಲ್ಲಿ ಇದು 3,200 ಅಡಿ. ಹೋಲಿಕೆಗೆ ಇವನ್ನು ಹಾಕಿದರೆ ತೂಕ ಬರುತ್ತದಾ? ನಮ್ಮ ಬೀದಿಯಲ್ಲೂ ಕಂಪನಿಯವರು ಒಪ್ಪಿಗೆ ಪತ್ರ ಹಿಡಿದು ಓಡಾಡುತ್ತಿದ್ದಾರೆ, ಓದದೆ ಸುಮ್ನೆ ಸಹಿ ಹಾಕಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ.

ಇನ್ನೊಂದು ವಿಷಯ. ಕೊರೆಯುವ ಮೊದಲೇ ಗಾಳಿಯಲ್ಲಿ ಬೆಂಜೀನ್ (ಎಣ್ಣೆ, ಗ್ಯಾಸ್ ಜೊತೆ ಬರುವ ವಿಷಕಾರಿ ರಾಸಾಯನಿಕ), ಕುಡಿಯುವ ಬಾವಿ ನೀರಿನಲ್ಲಿ ಮೀಥೇನ್ (ನೈಸರ್ಗಿಕ ಗ್ಯಾಸ್‌ನ ಮುಖ್ಯ ಅಂಶ) ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಪುರಾವೆ ಸಿಗುತ್ತದೆ. ಮಾಡಿಸಿದವರು ಇದ್ದರೆ ಯಾವ ತರಹದ ಲ್ಯಾಬ್ ನೋಡಬೇಕು, ಮಾದರಿ ಯಾರು ತೆಗೆಯಬೇಕು ಅಂತ ತಿಳಿಸಿ. ಆಕ್ಷೇಪಣೆಗೆ ಇರುವ ಸಮಯ ತುಂಬಾ ಕಡಿಮೆ.