ಸುಟ್ಟ ಶವದ ಕೈ ಮಡಚಿದ್ದರೆ ಹೊಡೆದಾಟ ಆಗಿತ್ತು ಅನ್ನಬಹುದಾ?

ಹೊಸನಗರ_ಡ್ಯೂಟಿ:
ತಾಲೂಕು ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುವವರ ಪ್ರಶ್ನೆ. ಅಡಿಕೆ ಬೇಯಿಸುವ ಕೊಟ್ಟಿಗೆಗೆ ಬೆಂಕಿ ಬಿದ್ದು ಒಳಗಿದ್ದವರು ಕರಕಲಾಗಿದ್ದಾರೆ ಅಂದುಕೊಳ್ಳಿ. ಮೊಣಕೈ ಮಡಚಿ ಮುಷ್ಟಿ ಕಟ್ಟಿದೆ, ತೊಡೆ ಮೇಲೆ ಕೊಯ್ದಂಥ ಸೀಳು, ಬುರುಡೆಯೊಳಗೆ ರಕ್ತದ ಗಡ್ಡೆ. ಹೊಡೆದು ಸಾಯಿಸಿ ಆಮೇಲೆ ಬೆಂಕಿ ಇಟ್ಟರಾ ಅಂತ ಪೊಲೀಸರು ಕೇಳಿದರೆ ಏನು ನೋಡಿ ಹೇಳಬೇಕು? ಮಳೆಗಾಲದಲ್ಲಿ ಶವದ ಮೇಲಿನ ಬಟ್ಟೆಗೆ ಬೂಷ್ಟು ಹಿಡಿಯುತ್ತೆ, ಒಣಗಿಸಿ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯಕ್ಕೆ) ಕಳಿಸಬಹುದಾ?

ಶವಾಗಾರದ_ಮೇಜು:
ನೀವು ಹೇಳಿದ ಮೂರನ್ನೂ ಬೆಂಕಿಯೇ ಮಾಡಬಲ್ಲದು. ಶಾಖಕ್ಕೆ ಸ್ನಾಯು ಹೆಪ್ಪುಗಟ್ಟಿ ಕುಗ್ಗುತ್ತೆ, ಮಡಚುವ ಸ್ನಾಯುಗಳ ಬಲ ಜಾಸ್ತಿ, ಹಾಗಾಗಿ ಕೈ ಮಡಚುತ್ತೆ. ಮೊದಲೇ ಸತ್ತಿದ್ದರೂ ಹೀಗೇ ಆಗುತ್ತೆ. ಸೀಳಿನ ತಳ ನೋಡಿ: ರಕ್ತಸ್ರಾವವಿಲ್ಲದೆ, ರಕ್ತನಾಳ, ನರಗಳು ತುಂಡಾಗದೆ ಅಡ್ಡಲಾಗಿ ಹಾಯ್ದಿದ್ದರೆ ಅದು ಶಾಖದ ಸೀಳು. ಗಡ್ಡೆ ಚಾಕೊಲೇಟ್ ಬಣ್ಣದ್ದು, ಜೇನುಗೂಡಿನ ಹಾಗೆ ತೂತುತೂತಾಗಿ, ಮೇಲಿನ ಮೂಳೆಯೂ ಕರಕಲಾಗಿದ್ದರೆ ಶಾಖದ ಗಡ್ಡೆ ಇರಬಹುದು. ಪೆಟ್ಟಿನದಾದರೆ ಸಾಮಾನ್ಯವಾಗಿ ಕಡುಗೆಂಪು, ಗಟ್ಟಿ.

ಉತ್ತರ ಸಿಗೋದು ಶ್ವಾಸನಾಳದಲ್ಲಿ. ಧ್ವನಿತಂತುಗಳ ಕೆಳಗೆ, ಕವಲುಗಳವರೆಗೂ ಲೋಳೆಗೆ ಅಂಟಿದ ಮಸಿ ಕಂಡರೆ ಬೆಂಕಿ ಹತ್ತಿದಾಗ ಉಸಿರಾಡುತ್ತಿದ್ದರು. ಬಾಯಿ, ಮೂಗಿನ ಮಸಿಯಷ್ಟೇ ಸಾಲದು. ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ (ಹೊಗೆಯ ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್) 10%ಗಿಂತ ಸ್ಪಷ್ಟವಾಗಿ ಮೇಲಿದ್ದರೆ ಅದೂ ಬೆಂಬಲಿಸುತ್ತೆ. ಬೀಡಿ ಸೇದುವವರಲ್ಲಿ ಬೆಂಕಿಯಿಲ್ಲದೆಯೂ 10%ರ ಹತ್ತಿರ ಇರಬಹುದು. ಆದರೆ ಎರಡೂ ಇಲ್ಲ ಅಂದ ಮಾತ್ರಕ್ಕೆ ಮೊದಲೇ ಸತ್ತಿದ್ದರು ಅಂತ ಬರೆಯಬೇಡಿ. ಬಯಲಲ್ಲಿ ಪೆಟ್ರೋಲ್ ಧಗ್ಗನೆ ಹತ್ತಿದಾಗ ಬದುಕಿದ್ದವರಲ್ಲೂ ಇವು ಸಿಗದಿರಬಹುದು.

ಕತ್ತನ್ನು ಕೊನೆಗೆ ಬಿಡಿಸಿ, ತಲೆ ಮತ್ತು ಎದೆಯ ರಕ್ತ ಬಸಿದ ಮೇಲೆ. ಕೋವಿ ಇರುವ ಮನೆಗಳ ಸೀಮೆ ನಮ್ಮದು, ಕರಕಲು ಶವಕ್ಕೆ ಮೊದಲೇ ಎಕ್ಸ್‌ರೇ ತೆಗೆಸಿ. ಚರೆ (ಕೋವಿಯ ಸಣ್ಣ ಗುಂಡು) ಹೊಕ್ಕ ತೂತು ಸುಟ್ಟ ಚರ್ಮದಲ್ಲಿ ಕಾಣೋದೇ ಇಲ್ಲ.

ತುಂಗಾತೀರ_ಲ್ಯಾಬ್:
ಒಣಗಿಸಲೇಬೇಡಿ! ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟುವ ಕ್ರಮ ರಕ್ತದ ಕಲೆಯ ಬಟ್ಟೆಗೆ. ಸೀಮೆಎಣ್ಣೆ, ಪೆಟ್ರೋಲಿನ ಅನುಮಾನ ಇದ್ದರೆ ಒದ್ದೆ ಬಟ್ಟೆಯನ್ನೇ ಹೊಸ ತಗಡಿನ ಡಬ್ಬಿ ಅಥವಾ ಬಿಗಿ ಮುಚ್ಚಳದ ಗಾಜಿನ ಜಾರಿಗೆ ಹಾಕಿ, ಮೇಲೆ ಮೂರನೇ ಒಂದು ಭಾಗ ಖಾಲಿ ಬಿಡಿ. ಮಾಮೂಲಿ ಪಾಲಿಥೀನ್ ಕವರಿನಿಂದ ಆವಿ ತಪ್ಪಿಸಿಕೊಳ್ಳುತ್ತೆ. ಅದೇ ಥರದ ಒಂದು ಖಾಲಿ ಡಬ್ಬಿಯನ್ನೂ ಮುಚ್ಚಿ ಜೊತೆಗೆ ಕಳಿಸಿ. ಬೂಷ್ಟಿನ ಭಯಕ್ಕೆ ಫ್ರಿಜ್ಜಲ್ಲಿಟ್ಟು ಬೇಗ ಕಳಿಸೋದೇ ದಾರಿ. ಬಟ್ಟೆ ಎಲ್ಲಾ ಉರಿದಿದ್ದರೂ ಕಂಕುಳು, ಬೆಲ್ಟಿನ ಅಡಿ, ನೆಲಕ್ಕೆ ಒತ್ತಿದ ಬೆನ್ನಲ್ಲಿ ಚೂರು ಉಳಿದಿರಬಹುದು. ರಕ್ತದ ಟ್ಯೂಬನ್ನು ಗಾಳಿಗೆ ಜಾಗ ಬಿಡದೆ ತುಂಬಿ.

ಹೊಸನಗರ_ಡ್ಯೂಟಿ:
ಥ್ಯಾಂಕ್ಸ್ ಸರ್. ಸುಟ್ಟವರಿಗೆ ಜೀವ ಇದ್ದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿ, ನಾಲ್ಕು ದಿನದ ಮೇಲೆ ತೀರಿಕೊಂಡರೆ?

ಶವಾಗಾರದ_ಮೇಜು:
ಆಗ ಶವದ ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸಿಗಲ್ಲ. ಸಾಮಾನ್ಯ ಗಾಳಿಯಲ್ಲಿ 4-5 ಗಂಟೆಗೆ ಅರ್ಧ ಇಳಿಯುತ್ತೆ, ಶುದ್ಧ ಆಮ್ಲಜನಕ ಕೊಟ್ಟರೆ ಇನ್ನೂ ಬೇಗ. ಆಮ್ಲಜನಕ ತಡಮಾಡದೆ, ಡ್ರಿಪ್ ಸೂಜಿ ಹಾಕುವಾಗಲೇ ಒಂದು ಟ್ಯೂಬ್ ರಕ್ತ ತೆಗೆದು ಸಮಯ ಬರೆದಿಡಿ. ಬಟ್ಟೆಯನ್ನು ವಾರ್ಡಿನ ಕಸಕ್ಕೆ ಹಾಕಿಬಿಡುತ್ತಾರೆ, ಆಯಾಗೆ ಮೊದಲೇ ಹೇಳಿ. ಹಂಡೆ ನೀರು ಚೆಲ್ಲಿತು ಅಂದವರ ಮೈಮೇಲೆ ಕೂದಲು ಸೀದಿದ್ದರೆ, ಮಸಿ ಇದ್ದರೆ ಅದು ಬಿಸಿನೀರಲ್ಲ. ಕೇಸ್ ಶೀಟಲ್ಲಿ ಅವತ್ತೇ ಬರೆಯಿರಿ. ಮರಣಪೂರ್ವ ಹೇಳಿಕೆ ದಾಖಲಿಸುವಾಗ ರೋಗಿಗೆ ಪ್ರಜ್ಞೆ ಇದೆಯಾ, ಪ್ರಶ್ನೆ ಅರ್ಥ ಆಗ್ತಿದೆಯಾ ಅಂತ ಶುರುವಿಗೂ ಮುಗಿದ ಮೇಲೂ ಸಮಯ ಸಮೇತ ಬರೆಯಿರಿ, ಮಾರ್ಫಿನ್ ಕೊಟ್ಟ ಹೊತ್ತನ್ನೂ. ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳ ಸಾವು ಸಂಶಯದ್ದಾದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಲಂ 196ರ ಪ್ರಕಾರ ಮ್ಯಾಜಿಸ್ಟ್ರೇಟರ ವಿಚಾರಣೆ ಆಗಬೇಕು. ತಹಶೀಲ್ದಾರರ ಶವಪಂಚನಾಮೆ ಕೈಗೆ ಬಾರದೆ ಶವ ತೆರೆಯಬೇಡಿ.