ಕೆಲಸ ಕಳೆದುಕೊಳ್ಳುವವರಿಂದಲೇ ಕೆಲಸ ಕಲಿಯುವುದು ಹೇಗೆ?

ವಿದ್ಯಾನಗರದವಳು:
ದಾವಣಗೆರೆಯ ಮನೆಯಲ್ಲಿ ಕುಳಿತು ಜರ್ಮನಿಯ ವಿಮಾ ಕಂಪನಿಯೊಂದರ ತಂತ್ರಾಂಶದ ಕೆಲಸ ಮಾಡುತ್ತೇನೆ. ಆರು ವಾರಗಳಿಂದ ಅಲ್ಲಿಯ ಹಿರಿಯರೊಬ್ಬರು ಕ್ಲೇಮ್ ಲೆಕ್ಕಾಚಾರದ ಭಾಗವನ್ನು ನನಗೆ ಒಪ್ಪಿಸಿಕೊಡುತ್ತಿದ್ದಾರೆ. 19 ವರ್ಷ ಅದನ್ನು ನೋಡಿಕೊಂಡವರು. ನಾನು ಕಲಿತು ಮುಗಿಸಿದರೆ ಅವರ ಹುದ್ದೆಯೂ ಮುಗಿಯುತ್ತದೆ. ಕೇಳಿದ್ದಕ್ಕಷ್ಟೇ ಉತ್ತರ, ಕ್ಯಾಮೆರಾ ತೆರೆಯುವುದೇ ಇಲ್ಲ. ಮೊನ್ನೆ ಕೋಡ್‌ನಲ್ಲಿ 2008ರ ಅವರ ಟಿಪ್ಪಣಿ ಸಿಕ್ಕಿತು: ‘ಈ ಸಾಲನ್ನು ಮುಟ್ಟಬೇಡಿ, ಕಾರಣ ನನ್ನನ್ನು ಕೇಳಿ.’ ಓದಿ ಗಂಟಲು ಕಟ್ಟಿತು.

ನಮ್ಮ ತಂದೆ ಇಲ್ಲಿಯ ಹತ್ತಿ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೂ ಕೆಲವು ದಿನ ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದರು. ಸಂಜೆ ಡಬ್ಬಿ ಹಾಗೆಯೇ ವಾಪಸ್ ಬರುತ್ತಿತ್ತು. ಈ ಸಂಬಳ ನನಗೆ ಬೇಕು, ತಮ್ಮನ ಓದು ಇದರಿಂದಲೇ ನಡೆಯುತ್ತಿದೆ. ಆದರೂ ಆ ಹಿರಿಯರೊಂದಿಗೆ ಬಾಯಿಬಿಟ್ಟು ಮಾತನಾಡಲೇ, ಏನೂ ತಿಳಿಯದವಳಂತೆ ಇರಲೇ?

ಕೋಟೆನಾಡಿನವನು:
ಮೇಡಂ, ತೀರ್ಮಾನ ನಿಮ್ಮದಲ್ಲ, ಆ ಹೊರೆ ಹೊರಬೇಡಿ. ಜರ್ಮನಿಯಲ್ಲಿ ನೌಕರರೇ ಚುನಾಯಿಸುವ ಮಂಡಳಿ ಇರುವ ದೊಡ್ಡ ಕಂಪನಿಗಳು ಇಂತಹ ಬದಲಾವಣೆಗೆ ಮೊದಲು ಅದರೊಂದಿಗೆ ಚರ್ಚಿಸಬೇಕು. 1972ರ ಕಾಯ್ದೆಯೇ ಇದೆ. ಅವರ ಪರ ಮಾತನಾಡುವವರು ಅಲ್ಲಿದ್ದಾರೆ. ನೀವು ‘ಹೌದು, ಹೌದು’ ಎನ್ನುವುದನ್ನು ಮಾತ್ರ ಬಿಡಿ. ನಮಗೆ ಅದು ‘ಕೇಳಿಸುತ್ತಿದೆ’ ಎಂದಷ್ಟೇ, ಅವರಿಗೆ ‘ಅರ್ಥವಾಯಿತು’ ಎಂದು. ಇನ್ನೊಂದು: ಅಕ್ಟೋಬರ್ ಕೊನೆಯ ಭಾನುವಾರ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ನಮ್ಮ ಸಂಜೆ ಐದು ಅವರಿಗೆ ಆಗ ಮಧ್ಯಾಹ್ನ ಹನ್ನೆರಡೂವರೆ, ಊಟದ ಹೊತ್ತು.

ಹಳೆಯ ನೇಕಾರ:
ನಾನೂ ಗಿರಣಿಯವನೇ ತಾಯಿ. ಬೇಸಿಗೆಯಲ್ಲಿ ಗಾಳಿ ಒಣಗಿದರೆ ನೂಲು ಪಟಪಟನೆ ಹರಿಯುತ್ತದೆ. ಯಾವ ಮಗ್ಗ ನಿಲ್ಲಲಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದೆ. ಮಗ್ಗಗಳನ್ನು ಗುಜರಿಗೆ ತೂಕ ಮಾಡಿ ಹಾಕಿದಾಗ ‘ನಿನಗೇನು ಗೊತ್ತಿತ್ತಪ್ಪ’ ಎಂದು ಒಬ್ಬರೂ ಕೇಳಲಿಲ್ಲ. ಕೂಲಿ ಹೋದದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಆ ಸಾಲಿನ ಕಾರಣ ಕೇಳಮ್ಮ.

ವಿದ್ಯಾನಗರದವಳು:
ಕೇಳಿದೆ. ಮೊದಲು ಸುಮ್ಮನಿದ್ದರು. ಆಮೇಲೆ ನಲವತ್ತು ನಿಮಿಷ ಹೇಳಿದರು. ಫೆಬ್ರವರಿ 29ರಂದು ಹುಟ್ಟಿದವರ ವಯಸ್ಸು ಆ ವರ್ಷ ತಪ್ಪಾಗಿ, ವೃದ್ಧೆಯೊಬ್ಬರ ಹಣ ತಡೆಹಿಡಿಯಲಾಗಿತ್ತಂತೆ. ರಾತ್ರಿಯೆಲ್ಲ ಕುಳಿತು ಸರಿಪಡಿಸಿದ್ದರಂತೆ. ಅವರ ಟಿಪ್ಪಣಿಯನ್ನು ಅಳಿಸಿಲ್ಲ. ಅದರ ಕೆಳಗೆ ಕಾರಣವನ್ನು ಅವರ ಹೆಸರಿನಲ್ಲೇ ಬರೆದಿದ್ದೇನೆ. ಸಭೆ ಈಗ ಆರು ಗಂಟೆಗೆ. ಕ್ಯಾಮೆರಾ ಇನ್ನೂ ತೆರೆದಿಲ್ಲ.