ಪದ ಬೇಕಿತ್ತು: ಗಾಳದ ‘ಬೈಟ್’ಗೆ ಒಂದು, ‘ಲ್ಯೂರ್’ಗೆ ಇನ್ನೊಂದು

ಹಾಸನದಿಂದ:

ಎರಡು ಪದ ಬೇಕು, ಬೇಗ ಬೇಕು. ಗೆಳೆಯನೊಬ್ಬನ ಸಂಬಂಧಿಕರು ಮಲ್ಪೆಯಲ್ಲಿ ಸಣ್ಣದೊಂದು ಫೈಬರ್ ಬೋಟು ಇಟ್ಟುಕೊಂಡಿದ್ದಾರೆ. ಮಳೆಗಾಲ ಕಳೆದ ಮೇಲೆ ವರ್ಷಕ್ಕೆರಡು ಬಾರಿ ನಾವು ಆರು ಜನ ಶನಿವಾರ ಬೆಳಗಿನ ಜಾವ ಮೂರಕ್ಕೆ ಹಾಸನ ಬಿಟ್ಟು, ಶಿರಾಡಿ ಇಳಿದು, ಎರಡು ದಿನ ಕಡಲಲ್ಲಿ ಗಾಳ ಹಾಕಿ ಬರುತ್ತೇವೆ. ಕಳೆದ ಸಲ ನಮ್ಮಲ್ಲೊಬ್ಬ ಡಬ್ಬಿಯೊಳಗಿದ್ದ ಬಣ್ಣದ ಮೀನನ್ನು ಬೊಂಬೆಯೆಂದುಕೊಂಡು ಕೈ ಹಾಕಿದ. ಅದರ ಹೊಟ್ಟೆಯ ಕೆಳಗೆ ಮೂರು ಮೊನೆಯ ಗಾಳ ತೂಗುತ್ತಿತ್ತು, ಹೆಬ್ಬೆರಳಿಗೆ ಹೊಕ್ಕಿತು. ಮೊನೆಗೆ ಹಿಮ್ಮುಳ್ಳು ಇರುವುದರಿಂದ ಹೊಕ್ಕದ್ದು ಹೊಕ್ಕ ದಾರಿಯಲ್ಲಿ ಹಿಂದೆ ಬರುವುದಿಲ್ಲ. ದಡಕ್ಕೆ ತಿರುಗಿ ವೈದ್ಯರಿಂದ ಕುಯ್ಯಿಸಿ ತೆಗೆಸಿದೆವು. ಆ ಶನಿವಾರ ಅಲ್ಲಿಗೆ ಮುಗಿಯಿತು.

ಈಗ ಬೋಟಿನವರು ಕನ್ನಡದಲ್ಲೊಂದು ಫಲಕ ಬರೆಸಿ ತರಲು ಹೇಳಿದ್ದಾರೆ. ಡಬ್ಬಿಗಳು ಎರಡು. ಒಂದರಲ್ಲಿ ಮಂಜುಗಡ್ಡೆಯ ಮೇಲೆ ಬೂತಾಯಿ ತುಂಡು, ಸಿಗಡಿ, ಬೊಂಡಾಸ್ ಇರುತ್ತವೆ. ಅದು ಬೈಟ್, ಯಾರು ಬೇಕಾದರೂ ಕೈ ಹಾಕಬಹುದು. ಇನ್ನೊಂದರಲ್ಲಿ ಪ್ಲಾಸ್ಟಿಕ್ ಮೀನುಗಳು. ಅದು ಲ್ಯೂರ್, ಮುಟ್ಟುವಂತಿಲ್ಲ. ಎರಡಕ್ಕೂ ಒಂದೇ ಪದ ಬರೆದರೆ ಇನ್ನೊಂದು ಹೆಬ್ಬೆರಳು ಹೋಗುತ್ತದೆ. ಮುದ್ರಕರು ಶುಕ್ರವಾರ ಮಧ್ಯಾಹ್ನದವರೆಗೆ ಕಾಯುತ್ತಾರೆ.

ಕಡಲಲ್ಲಿ ಹೊಟ್ಟೆ ತೊಳಸುವುದಕ್ಕೆ ಪದ ಕೇಳುತ್ತಿಲ್ಲ. ಅದು ಶಿರಾಡಿ ಇಳಿಯುವಾಗಲೇ ನಮ್ಮ ಬಾಯಿಂದ ಬಂದಿರುತ್ತದೆ.

ಚಿಕ್ಕಮಗಳೂರಿನಿಂದ:

ಆಮಿಷ. ಕೃತಕ ಆಮಿಷ. ನಿಘಂಟು ತೆರೆದಿದ್ದರೆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಬೇಲೂರಿನಿಂದ:

ಆಮಿಷ ಗಾಳದಿಂದ ಕಳಚಿಕೊಂಡು ಎಷ್ಟೋ ಕಾಲವಾಯಿತು. ಸಂಸ್ಕೃತದಲ್ಲಿ ಅದು ಮಾಂಸ. ಮಾಂಸವನ್ನು ಒಡ್ಡಿ ಪ್ರಾಣಿಯನ್ನು ಹಿಡಿಯುವುದರಿಂದ ಒಡ್ಡುವ ತಿನಿಸೂ ಆಯಿತು, ಕೊನೆಗೆ ಬರಿಯ ಆಸೆಯೂ ಆಯಿತು. ಮಾಂಸ ಎಂಬ ಅರ್ಥ ನಮ್ಮಲ್ಲಿ ಉಸಿರಾಡುತ್ತಿರುವುದು ನಿರಾಮಿಷದಲ್ಲಿ. ಉಳಿದಂತೆ ಪತ್ರಿಕೆ ಓದುವವರಿಗೆ ಆಮಿಷ ಎಂದೊಡನೆ ಕಣ್ಣಿಗೆ ಕಟ್ಟುವುದು ಚುನಾವಣೆಯ ಸೀರೆ ಮತ್ತು ಕುಕ್ಕರ್. ‘ಆಮಿಷದ ಡಬ್ಬಿ’ ಎಂದು ಬರೆದು ಹಾಕಿ, ಯಾರಾದರೂ ಬಂದು ತಪಾಸಣೆ ಮಾಡುತ್ತಾರೆ.

ಕನ್ನಡದ ಪದ ಎರೆ. ಹಕ್ಕಿ, ಹಾವು, ಮೀನು ತಿನ್ನುವ ತಿನಿಸು ಎಂಬುದು ಹಳೆಯ ಅರ್ಥ, ಗಾಳದ ತಿನಿಸು ಅದರಿಂದಲೇ ಬಂದದ್ದು. ತಮಿಳಿನಲ್ಲಿ ಇರೈ, ಮಲಯಾಳದಲ್ಲಿ ಇರ. ಆ ಲೆಕ್ಕದಲ್ಲಿ ಶೃಂಗೇರಿಯಲ್ಲಿ ನಾವು ತುಂಗೆಯ ಮೀನುಗಳಿಗೆ ಎಸೆಯುವ ಮಂಡಕ್ಕಿಯೂ ಎರೆಯೇ, ಗಾಳವಿಲ್ಲದ ಎರೆ. ಎರೆಹುಳುವಿನ ಎರೆಯೂ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ. ಮಣ್ಣಿನ ಬಣ್ಣದಿಂದ ಬಂತು ಎನ್ನುವವರ ಜೊತೆ ವಾದ ಮಾಡಿ ಸಾಕಾಗಿದೆ.

ಈ ಪದ ಮಂಕಾಗಿರುವುದಕ್ಕೆ ಕಾರಣ ಶಕಟರೇಫ, ಅಂದರೆ ಱ ಎಂಬ ಹಳೆಯ ರಕಾರ. ತಮಿಳರು ಎರಡು ರಕಾರಗಳನ್ನು ಬರವಣಿಗೆಯಲ್ಲಾದರೂ ಉಳಿಸಿಕೊಂಡರು. ಅಲ್ಲಿ ಇಂದಿಗೂ ಇರೈ ಎಂದರೆ ತಿನಿಸು, ಇಱೈ ಎಂದರೆ ಒಡೆಯ. ನಾವು ಱಕಾರವನ್ನು ಕೈಬಿಟ್ಟೆವು. ನೀರು ಸುರಿಯುವ ಎಱೆ, ಒಡೆತನದ ಎಱೆ, ಬೇಡುವ ಎರೆ, ತಿನಿಸಿನ ಎರೆ, ಎಲ್ಲವೂ ಒಂದೇ ಕೆರೆಗೆ ಬಿದ್ದವು. ವಿಷ್ಣುವರ್ಧನನ ತಂದೆ ಎಱೆಯಂಗನ ಹೆಸರಿನಲ್ಲಿರುವುದು ಒಡೆಯನ ಎಱೆ. ಆ ಹೆಸರನ್ನು ಈಗಿನ ಅಕ್ಷರದಲ್ಲಿ ಓದಿದ ಶಾಲೆಯ ಹುಡುಗರು ಎರೆಹುಳುವನ್ನು ನೆನೆದು ಕಿಸಕ್ಕೆಂದದ್ದನ್ನು ಇಲ್ಲಿಯ ದೇವಸ್ಥಾನದ ಅಂಗಳದಲ್ಲೇ ಕೇಳಿದ್ದೇನೆ. ಒಂದು ಅಕ್ಷರ ಕಳೆದರೆ ಹೊಯ್ಸಳರ ಅರಸನೂ ಹುಳುವಾಗುತ್ತಾನೆ.

ಲ್ಯೂರ್‌ಗೆ ಮರುಳೆರೆ ಎನ್ನಿ. ಮರುಳು ಮಾಡುವ ಎರೆ. ಲೋಪಸಂಧಿ, ನಾಲಿಗೆಗೆ ಸಲೀಸು. ‘ಕೃತಕ ಎರೆ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ಬೇಡ.

ಮೂಡಿಗೆರೆಯಿಂದ:

ನಮ್ಮ ಮನೆಯಲ್ಲಿ ಗಾಳ ಹಾಕಿದ ಯಾರೂ ಎರೆ ಎಂದದ್ದಿಲ್ಲ. ಹುಳ ಎನ್ನುತ್ತೇವೆ. ಚಿಕ್ಕಂದಿನಲ್ಲಿ ಕೊಟ್ಟಿಗೆಯ ಹಿಂದಿನ ಗೊಬ್ಬರದ ಗುಂಡಿ ಕೆದಕಿ, ತೆಂಗಿನ ಕರಟದಲ್ಲಿ ಹಸಿಮಣ್ಣಿನ ಜೊತೆ ಹುಳ ತುಂಬಿಕೊಂಡು ಹೇಮಾವತಿಗೆ ಹೋಗುತ್ತಿದ್ದೆವು. ಬಿದಿರಿನ ಕೋಲು, ನೈಲಾನ್ ದಾರ, ತೇಲುವುದಕ್ಕೆ ಒಂದು ಚೂರು ಬೆಂಡು. ಬೆಂಡು ಎರಡು ಸಲ ಅಲುಗಿ ಮೂರನೆಯ ಸಲಕ್ಕೆ ಮುಳುಗಿದರೆ ಎಳೆಯಬೇಕು, ಮೊದಲ ಸಲಕ್ಕೇ ಎಳೆದರೆ ಬರಿಗಾಳ. ಹುಳ ಸಿಗದ ದಿನ ಗೋಧಿಹಿಟ್ಟಿನ ಉಂಡೆ ಚುಚ್ಚುತ್ತಿದ್ದೆವು. ಅದನ್ನು ಚುಚ್ಚುವಾಗಲೂ ಅಣ್ಣ ಹೇಳುತ್ತಿದ್ದದ್ದು ‘ಹುಳ ಹಾಕು’ ಎಂದೇ. ಹಿಟ್ಟು ಹುಳವಾಗುವುದಾದರೆ ಬೂತಾಯಿ ಏಕೆ ಆಗಬಾರದು?

ಮರುಳೆರೆಯನ್ನು ನನ್ನ ಮಗಳಿಗೆ ಓದಿ ಹೇಳಿದೆ. ಮರಳು ಬೆರೆತ ಎರೆಮಣ್ಣೇ ಎಂದು ಕೇಳಿದಳು.

ಚಿಕ್ಕಮಗಳೂರಿನಿಂದ:

‘ಹುಳದ ಡಬ್ಬಿ’ ಎಂದು ಬರೆದು ಅದರ ಪಕ್ಕದಲ್ಲಿ ಬುತ್ತಿ ಬಿಚ್ಚಿ ಉಣ್ಣಿರಿ, ನೋಡೋಣ.

ಬೇಲೂರಿನವರಿಗೆ ಸಂಸ್ಕೃತ ಕಂಡರೆ ಮೂಗು ಮುರಿಯುವ ಚಾಳಿ. ಅವರ ತಾಲ್ಲೂಕಿನದೇ ಹಲ್ಮಿಡಿ ಶಾಸನ ಸಂಸ್ಕೃತ ಶ್ಲೋಕದಿಂದ ಆರಂಭವಾಗುತ್ತದೆ. ಅದರ 16 ಸಾಲುಗಳಿಂದ ಸಂಸ್ಕೃತವನ್ನು ಸೋಸಿ ತೆಗೆದರೆ ಬಾಣಲೆಯಲ್ಲಿ ಏನು ಉಳಿಯುತ್ತದೆ? ನೀವು ಹತ್ತುವ ದೋಣಿಯೇ ದ್ರೋಣಿಯ ತದ್ಭವ. ಋಗ್ವೇದದಲ್ಲಿ ದ್ರೋಣ ಎಂದರೆ ಮರದ ತೊಟ್ಟಿ. ಅರಿಸಮಾಸದ ಮಾತೆತ್ತಿದ್ದೀರಿ, ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಮೀನಿನ ಡಬ್ಬಿಗೆ ನೀವು ಕೊಡುವುದಿಲ್ಲ.

ಬೇಲೂರಿನಿಂದ:

ದೋಣಿ ದ್ರೋಣಿಯ ತದ್ಭವವಲ್ಲ. ತಮಿಳು ತೋಣಿ, ತೆಲುಗು ದೋನೆ, ತುಳು ದೋಣಿ. ಕಡಲ ದಂಡೆಯವರ ಪದಕ್ಕೆ ರೇಫ ಅಂಟಿಸಿಕೊಂಡು ಸಂಸ್ಕೃತ ಒಯ್ದಿತು. ಹತ್ತು ವರ್ಷದಿಂದ ಹೇಳುತ್ತಿದ್ದೇನೆ, ಇನ್ನು ಹೇಳುವುದಿಲ್ಲ.

ಸಕಲೇಶಪುರದಿಂದ:

ಇಬ್ಬರೂ ದೋಣಿಯಿಂದ ಇಳಿಯಿರಿ. ಅದು ನಿಂತಿರುವ ಬಂದರು ಪಾರಸಿ. ಅದನ್ನು ಹಿಡಿದಿರುವ ಲಂಗರು ಪಾರಸಿ. ತಿರುಗಿಸುವ ಚುಕ್ಕಾಣಿ ಅರಬ್ಬಿಯ ಸುಕ್ಕಾನ್. ದಿನಬೆಳಗಾದರೆ ‘ಅಧಿಕಾರದ ಚುಕ್ಕಾಣಿ’ ಎಂದು ಬರೆಯುವ ಕೈಗಳಿಗೆ ತಾವು ಹಿಡಿದದ್ದು ಅರಬ್ಬಿ ಎಂಬ ಮುಜುಗರವೇನೂ ಇಲ್ಲ. ಘಟ್ಟದ ಮೇಲೆ ಕುಳಿತು ಕಡಲಿನ ಪದಗಳನ್ನು ಶುದ್ಧ ಮಾಡುವ ನಮ್ಮಂಥವರು ಒಮ್ಮೆ ಕರಾವಳಿಯ ಸುದ್ದಿಯನ್ನಾದರೂ ಓದಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳು ದಡ ಸೇರುತ್ತವೆ, ನಾಡದೋಣಿಗಳು ಕಡಲಿಗಿಳಿಯುತ್ತವೆ. ಇಂಗ್ಲಿಷಿನ ಬೋಟು ಬಂದು ದೋಣಿಯನ್ನು ಮುಳುಗಿಸಲಿಲ್ಲ. ಯಂತ್ರವಿದ್ದದ್ದು ಅದಕ್ಕೆ, ನಾಡಿನದು ಇದಕ್ಕೆ ಎಂದು ಪಾಲಾಯಿತು, ಅಷ್ಟೆ. ಬೈಟ್, ಲ್ಯೂರ್ ಎಂದೇ ಬರೆಯಿರಿ.

ಮೂಡಿಗೆರೆಯಿಂದ:

ಲ್ಯೂರ್ ಎಂದೋ, ಲೂರ್ ಎಂದೋ? ಓದಲು ಬಾರದ ಪದವನ್ನು ಎಚ್ಚರಿಕೆಯ ಫಲಕದಲ್ಲಿ ಬರೆಯುವುದು ಯಾರ ಬೆರಳು ಉಳಿಸಲು?

ಹಾಸನದಿಂದ:

ಎಲ್ಲವನ್ನೂ ಓದಿದೆ. ಮರುಳೆರೆ ಮನಸ್ಸಿಗೆ ಹಿಡಿಸಿತು, ಆದರೆ ವಸ್ತುವನ್ನು ಎದುರಿಗಿಟ್ಟುಕೊಂಡು ನೋಡಿದಾಗ ಕೂಡಲಿಲ್ಲ. ಅಂಗೈಯಷ್ಟು ಉದ್ದದ ಪ್ಲಾಸ್ಟಿಕ್ ಮೀನು. ಗಿಲೀಟಿನ ಮೈ, ಅಂಟಿಸಿದ ಕಣ್ಣು, ಗಲ್ಲದ ಕೆಳಗೆ ಗಾಜಿನಂಥ ಚಪ್ಪಟೆ ನಾಲಿಗೆ. ಬೋಟು ಗಂಟೆಗೆ 5–6 ನಾಟಿಕಲ್ ಮೈಲಿನಂತೆ ಸಾಗುವಾಗ ಹಿಂದೆ ದಾರ ಬಿಡುತ್ತಾರೆ. ಆ ನಾಲಿಗೆಗೆ ನೀರು ಬಡಿದು ಪ್ಲಾಸ್ಟಿಕ್ ಮೀನು ಮೂಗು ಕೆಳಗೆ ಮಾಡಿ, ಪೆಟ್ಟು ತಿಂದ ಮೀನಿನ ಹಾಗೆ ಒದ್ದಾಡುತ್ತದೆ. ಅಂಜಲ್ ಮೀನು ಎರಗುವುದು ಆ ಒದ್ದಾಟಕ್ಕೆ. ಅಂಜಲಿನ ಹಲ್ಲು ನೈಲಾನನ್ನು ಕತ್ತರಿಸುವುದರಿಂದ ಗೇಣುದ್ದ ಉಕ್ಕಿನ ತಂತಿ ಕಟ್ಟಿರುತ್ತಾರೆ. ಇದರಲ್ಲಿ ತಿನಿಸಿನ ವಾಸನೆಯೇ ಇಲ್ಲ. ಎರೆ ಎಂದರೆ ತಿನಿಸು ಎಂದು ಬೇಲೂರಿನವರೇ ಹೇಳಿದ ಮೇಲೆ ಇದನ್ನು ಯಾವ ಬಗೆಯ ಎರೆ ಎಂದೂ ಕರೆಯಲಾಗದು.

ಬೋಟಿನವರಿಗೆ ಫೋನ್ ಮಾಡಿ ನೀವು ಏನೆನ್ನುತ್ತೀರಿ ಎಂದು ಕೇಳಿದೆ. ಮೀನು ಎನ್ನುತ್ತೇವೆ ಎಂದರು. ‘ಆ ಕೆಂಪು ತಲೆಯ ಮೀನು ಕೊಡು’ ಎಂದರೆ ಸಾಕಂತೆ, ಹಿಡಿದ ಮೀನು ಯಾವುದು ಡಬ್ಬಿಯ ಮೀನು ಯಾವುದು ಎಂದು ಅಲ್ಲಿ ಯಾರಿಗೂ ಗೊಂದಲವಿಲ್ಲ. ಗೊಂದಲವಿರುವುದು ಹಾಸನದಿಂದ ಹೋಗುವವರಿಗೆ. ಹಾಗಾಗಿ ಮಂಜುಗಡ್ಡೆಯ ಡಬ್ಬಿಗೆ ‘ಎರೆ’ ಎಂದೂ ಇನ್ನೊಂದಕ್ಕೆ ‘ಹುಸಿಮೀನು: ಕೈ ಹಾಕಬೇಡಿ, ಗಾಳವಿದೆ’ ಎಂದೂ ಬರೆದು ಮುದ್ರಕರಿಗೆ ಕೊಟ್ಟಿದ್ದೇನೆ.

ಬೇಲೂರಿನಿಂದ:

ಹುಸಿಮೀನು. ಒಪ್ಪಿದೆ. ನಾನೇ ಹೇಳಬೇಕಾಗಿತ್ತು.

ಚಿಕ್ಕಮಗಳೂರಿನಿಂದ:

ಮೀನು ಸಂಸ್ಕೃತದ ಮೀನ.

ಬೇಲೂರಿನಿಂದ:

ಅಲ್ಲ. ಮಿನುಗುವುದರಿಂದ ಮೀನು. ಸಂಸ್ಕೃತಕ್ಕೆ ಸ್ವಂತದ ಮತ್ಸ್ಯ ಇತ್ತು, ಮೀನವನ್ನು ನಮ್ಮಿಂದ ಕಡ ಒಯ್ದದ್ದು.

ಹಾಸನದಿಂದ:

ಫಲಕ ಕೈಗೆ ಬಂತು. ಹುಸಿಮೀನು ಸರಿಯಾಗಿದೆ. ‘ಎರೆ’ಯನ್ನು ನೋಡಿದ ಮುದ್ರಕರು ನಾನು ಅರ್ಧ ಪದ ಬರೆದು ಮರೆತಿದ್ದೇನೆಂದು ತಿಳಿದು, ಉಪಕಾರಕ್ಕೆಂದು ‘ಎರೆಹುಳು’ ಎಂದು ಪೂರ್ತಿ ಮಾಡಿಕೊಟ್ಟಿದ್ದಾರೆ. ಮತ್ತೆ ಅಚ್ಚು ಹಾಕಿಸಲು ಸಮಯವಿಲ್ಲ. ಹುಳುವಿನ ಮೇಲೆ ಬಿಳಿ ಟೇಪು ಅಂಟಿಸಿಕೊಂಡು ಹೊರಡುತ್ತಿದ್ದೇವೆ.

ಮೂಡಿಗೆರೆಯಿಂದ:

ಟೇಪನ್ನು ಎರೆಯ ಮೇಲೆ ಅಂಟಿಸಿದ್ದರೆ ಆಗುತ್ತಿತ್ತು.